ಹಿಂದು ಮುಂದು

ಎಲ್ ಆಲ್ತೋದಲ್ಲಿ ಇದು ನನ್ನ ಮೂರನೆಯ ತಿಂಗಳು.
ಮಾವು ಬಿದ್ದು ಕೊಳೆಯುವ ಸಾಂತಾ ಕ್ರೂಸ್‌ನ ಸೆಕೆಯಿಂದ
ಹದಿಮೂರು ಸಾವಿರ ಅಡಿ ಮೇಲಕ್ಕೆ ವರ್ಗವಾಗಿ ಬಂದವಳು.
ಬೋರ್ಡಿನ ಮೇಲೆ ಒಂದು ವಾಕ್ಯ ಬರೆದರೆ
ಪೂರ್ಣವಿರಾಮದ ಹೊತ್ತಿಗೆ ಉಸಿರು ಸಾಲುವುದಿಲ್ಲ.
ಮಕ್ಕಳು ಕೋಟು ಬಿಚ್ಚದೆ ಕೂರುತ್ತಾರೆ,
ನನ್ನ ಏದುಸಿರು ಎಣಿಸುತ್ತಾರೆ.

ನಾಲ್ಕನೇ ತರಗತಿ, ಏಳನೇ ಪ್ರಶ್ನೆ, ಎರಡು ಅಂಕ:
ನಿಂತ ಮನುಷ್ಯನ ಚಿತ್ರವಿದೆ. ನಾಳೆ ಎಲ್ಲಿದೆ? ಬಾಣ ಹಾಕಿ.
ಲಿಂಬರ್ ತಿಕೋನಾ, ಕೊನೆಯ ಬೆಂಚು,
ಬೆನ್ನಿನ ಕಡೆಗೆ ಬಾಣ ಹಾಕಿದ್ದ.
ಸ್ಕೇಲಿಟ್ಟು ಎಳೆದ ಬಾಣ, ತುದಿ ಚೂಪು.
ನಾನು ಹಿಂದು ಮುಂದು ನೋಡದೆ
ಕೆಂಪು ಗೀಚಿದೆ.

ಇನ್ನೂ ಹದಿನಾರು ಹಾಳೆಗಳಲ್ಲಿ ಅದೇ ಬಾಣ.
ನಕಲು, ಅಂದುಕೊಂಡೆ.
ಅಷ್ಟು ಕತ್ತುಗಳು ಒಟ್ಟಿಗೆ ತಿರುಗಿದ್ದು
ನನಗೆ ಹೇಗೆ ಕಾಣಲಿಲ್ಲ ಎಂದು ಕೇಳಿಕೊಳ್ಳುವಷ್ಟು
ಗಾಳಿ ಇರಲಿಲ್ಲ ತಲೆಯಲ್ಲಿ.

ಸಂತೆಯಲ್ಲಿ ಹಳೆ ಸೈಕಲ್ಲಿನ ಬಿಡಿಭಾಗ ಮಾರುವ ಬಾಸಿಲಿಯಾ,
ಅವನ ತಾಯಿ, ಸೋಮವಾರ ಬಂದಳು.
ಬೆನ್ನಿಗೆ ಬಿಗಿದ ಪಟ್ಟೆಪಟ್ಟೆ ಬಟ್ಟೆಯಲ್ಲಿ ಕೂಸು.
ಜಗಳಕ್ಕಲ್ಲ. ಕೈಯಲ್ಲಿ ಬೇಯಿಸಿದ ಆಲೂಗಡ್ಡೆ, ಇನ್ನೂ ಬಿಸಿ.
ಒಂದು ನನಗೆ ಕೊಟ್ಟು ಕೇಳಿದಳು:
"ನಿನ್ನೆ ಏನು ಉಂಡ್ರಿ?"
ಸೂಪು. ಕ್ಯಾರೆಟ್ ಹಾಕಿದ್ದು.
"ಕಾಣ್ತದಲ್ಲ?"
ಕಾಣುತ್ತದೆ.
"ನಾಳೆ ಊಟ?"
ಗೊತ್ತಿಲ್ಲ.
"ಕಾಣದ್ದು ಕಣ್ಣ ಮುಂದೆ ಹೇಗಿರ್ತದೆ?
ನಮ್ಮಲ್ಲಿ ನಾಯ್ರಾ ಅಂದ್ರೆ ಕಣ್ಣು.
ಕಳೆದುಹೋದದ್ದೂ ನಾಯ್ರಾನೇ.
ಬರೋದು ಬೆನ್ನ ಮೇಲೆ."
ಹೆಗಲು ಒಂಚೂರು ಎತ್ತಿದಳು, ಅಷ್ಟೆ.
ಕೂಸು ನಿದ್ದೆಯಲ್ಲೇ ಆಕಳಿಸಿತು.

ಹಾಳೆ ಕೇಳಿ ಪಡೆದೆ. ಹುಡುಗ ಉಜ್ಜಿ ಉಜ್ಜಿ
ಬಾಣವಿದ್ದ ಜಾಗ ತೂತಾಗಿತ್ತು.
ತಿದ್ದುತ್ತೇನೆ, ಎರಡೂ ಅಂಕ ನಿನ್ನವೇ, ಅಂದೆ.
ಅವನು ತನ್ನ ಬೂಟಿಗೆ ಹೇಳಿದ:
"ನನಗೆ ಎರಡೂ ಗೊತ್ತು, ಮಿಸ್.
ಸ್ಪ್ಯಾನಿಷ್ ನಾಳೆಯೋ ನಮ್ಮ ನಾಳೆಯೋ ಅಂತ
ಪ್ರಶ್ನೇಲಿ ಇರಲಿಲ್ಲ."

ಮುಖ್ಯೋಪಾಧ್ಯಾಯ ಎವಾರಿಸ್ತೋ ಅವರ ಕೋಣೆಯಲ್ಲಿ
ಮೂವತ್ತಾರು ಭಾಷೆಗಳ ಪೋಸ್ಟರಿದೆ,
ಪ್ರತಿ ಭಾಷೆಗೊಂದು ಟೋಪಿ, ಒಂದು ನಗು.
"ಉತ್ತರಪಟ್ಟಿಯಲ್ಲಿ ಬಾಣ ಮುಂದಕ್ಕಿದೆ," ಅಂದರು.
ಬಾಗಿಲು ಮುಚ್ಚಿ ಬಂದು ದನಿ ಇಳಿಸಿದರು:
"ನಾನೂ ಹಾಗೇ ಹಾಕಿದ್ದೆ, ಒಂದು ಸಲ.
ಬೆರಳಿನ ಗೆಣ್ಣಿಗೆ ಬಿತ್ತು.
ಆಮೇಲೆ ಹಾಕಲಿಲ್ಲ."
ಮತ್ತೆ ಬಾಗಿಲು ತೆರೆದು, ಗಟ್ಟಿಯಾಗಿ,
ಪಟ್ಟಿ ಶುಕ್ರವಾರದೊಳಗೆ ಬೇಕು ಎಂದರು.

ಪಟ್ಟಿ ನನ್ನ ಚೀಲದಲ್ಲಿದೆ.
ಹಿಂದುಳಿದ ಮಕ್ಕಳು: ಹದಿನೇಳು ಖಾಲಿ ಸಾಲು.
ಹಿಂದುಳಿದವರು. ಹಿಂದಿನ ಬೆಂಚಿನವರು.
ಮೂರು ತಿಂಗಳು ನಾನು ದಿನಾ ಕರೆದೆ, ಮುಂದೆ ಬಾ, ಮುಂದೆ ಬಾ,
ಅವರ ಭಾಷೆಯಲ್ಲಿ ಅದು
ಹಳತಕ್ಕೆ ವಾಪಸ್ಸು ಬಾ ಎಂದಾಗುತ್ತದೋ ಏನೋ,
ಕೇಳಬೇಕು ಬಾಸಿಲಿಯಾಳನ್ನು.

ಸಂಜೆ ಲಾ ಪಾಸ್‌ಗೆ ಇಳಿಯುವ ಕೇಬಲ್ ಕಾರು.
ಎದುರುಬದುರು ಬೆಂಚು. ಎಲ್ಲರಿಗೂ
ಇಳಿವ ಕಡೆಗೆ ಮುಖವಿರುವ ಸೀಟೇ ಬೇಕು.
ನನಗೆ ಉಳಿದದ್ದು ಇನ್ನೊಂದು.
ಬಿಟ್ಟುಬಂದ ಊರು ಪೂರಾ ಕಾಣುತ್ತಿದೆ:
ಇಟ್ಟಿಗೆಯ ಗೋಡೆಗಳು, ತಗಡು, ಒಣಹಾಕಿದ ಒಂದು ನೀಲಿ ಅಂಗಿ,
ಶಾಲೆಯ ಅಂಗಳದಲ್ಲಿ ಇನ್ನೂ ಚೆಂಡಾಡುವ ಯಾರೋ.
ನಗರ ಬೆನ್ನ ಹಿಂದೆ ಬರುತ್ತಿದೆ.
ಎಷ್ಟು ಹತ್ತಿರವೆಂದು ತಿರುಗಿ ನೋಡಲಿಲ್ಲ.
ಪೆನ್ನಿನ ಮುಚ್ಚಳ ತೆಗೆದೆ, ಮತ್ತೆ ಹಾಕಿದೆ.
ಗಾಳಿ ದಪ್ಪವಾಗುತ್ತ ಬಂತು.